ಓಟಕ್ಕೊಂದು ಬಯಲು ಬೇಡವೇ?

ದುಬೈಯಲ್ಲಿ ದುಡಿಯುವ, ನಮಗೆ ಪರಿಚಯವಿರುವ ಕರಾವಳಿಯ ಯುವಕನೊಬ್ಬ ರಜೆಯಲ್ಲಿ ಊರಿಗೆ ಬಂದಿದ್ದ. ಒಂದು ಸಂಜೆ ಮಸೀದಿಯ ಜಗಲಿಯಲ್ಲಿ ಕುಳಿತವರಿಗೆ ತನ್ನ ಮೊಬೈಲಿನಲ್ಲಿದ್ದ ವೀಡಿಯೊವೊಂದನ್ನು ತೋರಿಸಿದ. ದುಬೈ ಆಟೋಡ್ರೋಮ್ ಎಂಬ ರೇಸ್ ಟ್ರ್ಯಾಕಿನಲ್ಲಿ ಅವನು ಸ್ಪೋರ್ಟ್ಸ್ ಕಾರೊಂದನ್ನು ಓಡಿಸುತ್ತಿರುವ ದೃಶ್ಯವದು. ಕಾರು ಅವನದಲ್ಲ. ಅಂಥ ಕಾರು ಕೊಳ್ಳುವ ಶಕ್ತಿ ಅವನ ಇಡೀ ಕುಟುಂಬಕ್ಕೂ ಇಲ್ಲ. ಅಲ್ಲಿ ಹಣ ಕಟ್ಟಿದವರ ತಲೆಗೆ ಹೆಲ್ಮೆಟ್ ತೊಡಿಸಿ, ಪಕ್ಕದಲ್ಲಿ ತರಬೇತುದಾರನನ್ನು ಕೂರಿಸಿ, ಕೆಲವು ಸುತ್ತು ಓಡಿಸಲು ಬಿಡುತ್ತಾರೆ. 'ಡ್ರೈವಿಂಗ್ ಎಕ್ಸ್‌ಪೀರಿಯನ್ಸ್' ಎಂದು ಅದಕ್ಕೆ ಹೆಸರು. ಮೂರು ವರ್ಷ ಗೋದಾಮಿನ ವ್ಯಾನ್ ಓಡಿಸಿದ ಹುಡುಗ ಅದಕ್ಕಾಗಿ ಸ್ವಲ್ಪಸ್ವಲ್ಪವೇ ಹಣ ಕೂಡಿಟ್ಟಿದ್ದನಂತೆ.

ಜಗಲಿಯಲ್ಲಿದ್ದ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ಇಷ್ಟು ದುಡ್ಡು ಇದಕ್ಕೆ ಸುರಿದೆಯಾ ಮೋನೇ? ಇದು ಇಸ್ರಾಫ್ ಅಲ್ಲವಾ?" ಹುಡುಗ "ಹೌದು ಕಾಕ" ಎಂದು ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಉಳಿದವರು ತಲೆಯಾಡಿಸಿದರು. ದುಂದುವೆಚ್ಚ, ಆಡಂಬರ, ಕಾಲ ಕೆಟ್ಟಿದೆ ಎಂಬ ಮಾತುಗಳು ಇಶಾ ಬಾಂಗ್ ಕೊಡುವವರೆಗೂ ನಡೆದವು.

ಮುಂದಿನ ಭಾನುವಾರ ಅದೇ ಹಿರಿಯರ ಮನೆಯ ಮದುವೆ. ದಿಬ್ಬಣದಲ್ಲಿ ನಾವೂ ಇದ್ದೆವು. ಹದಿನೈದು ಇಪ್ಪತ್ತು ಕಾರುಗಳು ಹೆದ್ದಾರಿಯಲ್ಲಿ ಒಂದನ್ನೊಂದು ಹಿಂದಿಕ್ಕುತ್ತಾ ಹೊರಟವು. ಕಿಟಕಿಯಿಂದ ಸೊಂಟದವರೆಗೆ ಹೊರಬಂದ ಹುಡುಗರು, ಎಡೆಬಿಡದ ಹಾರ್ನ್, ಎದುರು ದಿಕ್ಕಿನಿಂದ ಬರುತ್ತಿದ್ದ ಸ್ಕೂಟರಿನವನೊಬ್ಬ ಚರಂಡಿಗೆ ಇಳಿದದ್ದು, ಎಲ್ಲವನ್ನೂ ನಾವು ನೋಡಿದೆವು. ಒಂದು ಕಾರಿನ ಸ್ಟೀರಿಂಗ್ ಹಿಡಿದವನಿಗೆ ಹದಿನೆಂಟು ತುಂಬಿರಲಿಲ್ಲ. ಹಿರಿಯರು ಮುಂದಿನ ಸೀಟಿನಲ್ಲಿ ತಸ್ಬೀಹ್ ಎಣಿಸುತ್ತಾ ಕುಳಿತಿದ್ದರು. ಅಂದು ಯಾರಿಗೂ ಇಸ್ರಾಫ್ ನೆನಪಾಗಲಿಲ್ಲ. ನಾವು ಕೂಡಾ ಬಾಯಿ ಬಿಡಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮದುವೆ ಮನೆಯಲ್ಲಿ ಯಾಕೆ ತಕರಾರು ಎಂಬ ದಾಕ್ಷಿಣ್ಯ.

ನಮ್ಮ ಈ ಬರಹ ಆ ದುಬೈಯ ಹುಡುಗನ ಪರವಾಗಿದೆ. ಅವನು ಖರ್ಚು ಮಾಡಿದ್ದು ತನ್ನ ಹಣ, ಒಡ್ಡಿದ್ದು ತನ್ನ ಜೀವ, ಅದೂ ಎಷ್ಟು ಬಗೆಯ ಕಟ್ಟುಪಾಡುಗಳ ಒಳಗೆ! ದಿಬ್ಬಣದ ಹುಡುಗರು ಒಡ್ಡಿದ್ದು ಸ್ಕೂಟರಿನವನ ಜೀವವನ್ನು. ಇವೆರಡನ್ನೂ 'ವೇಗದ ಹುಚ್ಚು' ಎಂಬ ಒಂದೇ ಚೀಲಕ್ಕೆ ತುಂಬಿ ಖಂಡಿಸುವುದು, ಅಥವಾ ಮೊದಲನೆಯದನ್ನು ಮಾತ್ರ ಖಂಡಿಸಿ ಎರಡನೆಯದಕ್ಕೆ ಬಿರಿಯಾನಿ ಬಡಿಸುವುದು ನ್ಯಾಯವಲ್ಲ.

ಟ್ರ್ಯಾಕಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಖಂಡಿಸುವವರಲ್ಲಿ ಹೆಚ್ಚಿನವರು ತಿಳಿದುಕೊಂಡಿಲ್ಲ. ಸಿನಿಮಾದಲ್ಲಿ ಕಂಡಂತೆ ಹೋಗಿ ಕುಳಿತು ಆಕ್ಸಿಲೇಟರ್ ತುಳಿಯುವುದಲ್ಲ ಅದು. ಮೊದಲು ಲೈಸೆನ್ಸ್ ತೋರಿಸಬೇಕು. ಅಪಾಯ ಗೊತ್ತಿದ್ದೇ ಬಂದಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಬೇಕು. ಆಮೇಲೆ ಎಲ್ಲರನ್ನೂ ಕೂರಿಸಿ ಶಾಲಾ ಮಕ್ಕಳಿಗೆ ಹೇಳುವಂತೆ ಪಾಠ ಹೇಳುತ್ತಾರೆ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ನಿಧಾನಿಸಬೇಕು, ಹಿಂದಿಕ್ಕಕೂಡದು. ನೀಲಿ ಕಂಡರೆ ಹಿಂದಿನಿಂದ ವೇಗದ ಕಾರು ಬರುತ್ತಿದೆ, ದಾರಿ ಬಿಡಬೇಕು. ಕೆಂಪು ಕಂಡರೆ ಓಟವೇ ಮುಗಿಯಿತು, ಎಷ್ಟು ದೊಡ್ಡ ಸಾಹುಕಾರನಾದರೂ ನಿಧಾನವಾಗಿ ಮರಳಬೇಕು. ಎಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲಿ ಸ್ಟೀರಿಂಗ್ ತಿರುಗಿಸಬೇಕು ಎಂಬುದಕ್ಕೆ ತಿರುವುಗಳಲ್ಲಿ ರಬ್ಬರ್ ಕೋನ್‌ಗಳನ್ನು ಇಟ್ಟಿರುತ್ತಾರೆ. ಮೊದಲ ಸುತ್ತು ಬರೇ ದಾರಿ ನೋಡಲಿಕ್ಕೆ. ಕೊನೆಯ ಸುತ್ತು ಕಾದ ಬ್ರೇಕುಗಳನ್ನು ತಣಿಸಲಿಕ್ಕೆ. ತರಬೇತುದಾರ ಎಡೆಬಿಡದೆ ಹೇಳುವುದು 'ಇನ್ನೂ ವೇಗ' ಎಂದಲ್ಲ, 'ಈಗ ಬ್ರೇಕ್' ಎಂದು. ತಿರುವಿಗೆ ನಿಧಾನವಾಗಿ ಹೋದವನೇ ತಿರುವಿನಿಂದ ವೇಗವಾಗಿ ಹೊರಬರುತ್ತಾನೆ ಎಂಬುದು ಆ ವಿದ್ಯೆಯ ಮೊದಲ ಪಾಠ. ಎರಡನೆಯದು, ಕಣ್ಣು ಎಲ್ಲಿಗೆ ಹೋಗುತ್ತದೋ ಕಾರು ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಗೋಡೆಯನ್ನು ನೋಡಬಾರದು, ದಾರಿಯನ್ನು ನೋಡಬೇಕು.

ನಮ್ಮ ಹುಡುಗನನ್ನು ನಾವು ಬೇರೆಯಾಗಿ ಕರೆದು, ಅಲ್ಲಿಂದ ಏನು ಕಲಿತು ಬಂದೆ ಎಂದು ಕೇಳಿದೆವು. "ನನಗೆ ಡ್ರೈವಿಂಗ್ ಬರುವುದಿಲ್ಲ ಎಂದು ಗೊತ್ತಾಯಿತು" ಎಂದ. ಆ ಕಾರನ್ನು ನಿಲ್ಲಿಸಲು ಬ್ರೇಕನ್ನು ಎಷ್ಟು ಜೋರಾಗಿ ಒತ್ತಬೇಕೆಂದರೆ, ಅಷ್ಟು ಬಲವಾಗಿ ತಾನು ಜೀವಮಾನದಲ್ಲಿ ಯಾವ ಬ್ರೇಕನ್ನೂ ಒತ್ತಿರಲಿಲ್ಲವಂತೆ. ಈಗ ಊರಲ್ಲಿ ಕಾರು ಓಡಿಸುವಾಗ ಮುಂದಿನ ವಾಹನದಿಂದ ಎರಡು ಪಟ್ಟು ದೂರ ಬಿಡುತ್ತೇನೆ ಎಂದೂ ಹೇಳಿದ. ಇಂಥ ಮಾತನ್ನು ದಿಬ್ಬಣದಿಂದ ಇಳಿದ ಯಾವ ಹುಡುಗನೂ ನಮಗೆ ಈವರೆಗೆ ಹೇಳಿಲ್ಲ.

ಲೆಕ್ಕವನ್ನೇ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿಗೆ ಮಗು ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ 17 ಮೀಟರ್ ಮುಗಿದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಬಳಿಕ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದನ್ನು ಪುಸ್ತಕದಲ್ಲಿ ಓದಿದವನು ಮರೆಯುತ್ತಾನೆ. ಸೀಟಿನ ಬೆಲ್ಟ್ ಎದೆಗೆ ಬಿಗಿದು ಉಸಿರು ಕಟ್ಟಿದಾಗ ತಿಳಿದವನು ಮರೆಯುವುದಿಲ್ಲ. ನಮ್ಮ ದೇಶದ ಲೈಸೆನ್ಸ್ ಪರೀಕ್ಷೆಯಲ್ಲಿ ಇದನ್ನು ತಿಳಿಸುವ ವ್ಯವಸ್ಥೆ ಎಲ್ಲಿದೆ? ನಡಿಗೆಯ ವೇಗದಲ್ಲಿ 'ಎಂಟು' ಬರೆದು ತೋರಿಸುತ್ತೇವೆ, ಹಿಮ್ಮುಖವಾಗಿ ಕಾರು ತಂದು ನಿಲ್ಲಿಸುತ್ತೇವೆ. ಅದಕ್ಕೂ ಬ್ರೋಕರ್ ಸಿಗುತ್ತಾನೆ. ಮರುದಿನ ಅದೇ ಕಾಗದ ಹಿಡಿದು ಹೆದ್ದಾರಿಗೆ ಇಳಿಯುತ್ತೇವೆ. ಕೊಲ್ಲಿಯಲ್ಲಿ ಲೈಸೆನ್ಸ್ ಪಡೆಯಲು ನಾಲ್ಕಾರು ಬಾರಿ ಫೇಲಾಗಿ ಬೆವರು ಸುರಿಸಿದ ನಮ್ಮವರು ಊರಿಗೆ ಬಂದೊಡನೆ ಹದಿನೈದರ ಮಗನಿಗೆ ಕೀಲಿಕೈ ಕೊಡುವುದನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇದರ ಫಲವೇನು? ಕೇಂದ್ರ ಸರಕಾರದ ಲೆಕ್ಕದ ಪ್ರಕಾರವೇ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ಸತ್ತವರಲ್ಲಿ ದೊಡ್ಡ ಪಾಲು ದ್ವಿಚಕ್ರ ವಾಹನದವರದ್ದು.

2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ಹದಿನೇಳರ ಹುಡುಗ ಓಡಿಸುತ್ತಿದ್ದ ಪೋರ್ಶೆ ಕಾರು ಬೈಕಿನಲ್ಲಿದ್ದ ಇಬ್ಬರು ಯುವ ಇಂಜಿನಿಯರುಗಳನ್ನು ಕೊಂದಿತು. ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಶರತ್ತಿನೊಂದಿಗೆ ಅವನಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು. ದೇಶವೇ ಛೀಮಾರಿ ಹಾಕಿದ ಮೇಲೆ ಆ ಆದೇಶ ಬದಲಾಯಿತು. ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ಸರಕಾರಿ ಆಸ್ಪತ್ರೆಯ ವೈದ್ಯರ ಬಂಧನವೂ ಆಯಿತು. ಆ ಕಾರು ರೇಸ್ ಟ್ರ್ಯಾಕಿಗೆ ಹೋಗಿದ್ದರೆ ಅದನ್ನು ಓಡಿಸುವವನ ಲೈಸೆನ್ಸ್ ಕೇಳುತ್ತಿದ್ದರು; ಕುಡಿದು ಬಂದವನನ್ನು ಗೇಟಿನಿಂದಲೇ ಹಿಂದೆ ಕಳಿಸುತ್ತಿದ್ದರು. ಇಂಥ ಗೇಟು ನಮ್ಮ ಊರಿನ ರಸ್ತೆಗಿಲ್ಲ.

'ಇಸ್ಲಾಮ್ ವೇಗವನ್ನು ಮೆಚ್ಚುವುದಿಲ್ಲ' ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುವ ಉಪದೇಶಕರಿಗೆ ನಾವು ವಿನಯದಿಂದಲೇ ಎರಡು ಸಂಗತಿಗಳನ್ನು ನೆನಪಿಸಬಯಸುತ್ತೇವೆ. ಪ್ರವಾದಿ(ಸ)ರು ಮದೀನದಲ್ಲಿ ಸ್ವತಃ ಕುದುರೆ ಓಟ ಏರ್ಪಡಿಸಿದ್ದು ಬುಖಾರಿಯಂಥ ಪ್ರಮಾಣಗ್ರಂಥದಲ್ಲೇ ದಾಖಲಾಗಿದೆ. ಅದರ ವಿವರ ಗಮನಿಸಿ. ತರಬೇತಾದ ಕುದುರೆಗಳಿಗೆ ಹಫ್‌ಯಾ ಎಂಬಲ್ಲಿಂದ ಸನಿಯ್ಯತುಲ್ ವದಾದವರೆಗೆ ಐದಾರು ಮೈಲುಗಳ ಓಟ. ತರಬೇತಾಗದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಒಂದೇ ಮೈಲಿನ ಓಟ. ಬಲಿತದ್ದಕ್ಕೊಂದು ದೂರ, ಎಳೆಯದಕ್ಕೊಂದು ದೂರ, ಎರಡಕ್ಕೂ ಗೊತ್ತಾದ ಆರಂಭ ಮತ್ತು ಅಂತ್ಯ. ಇದು ಟ್ರ್ಯಾಕ್ ಅಲ್ಲದೆ ಮತ್ತೇನು? ಅಬ್ದುಲ್ಲಾ ಇಬ್ನು ಉಮರ್(ರ)ರಂಥ ಸಹಾಬಿಯೇ ಆ ಓಟದಲ್ಲಿ ಭಾಗವಹಿಸಿದ್ದರು.

ಇನ್ನೊಂದು ಸಂಗತಿ ಅರಫಾದಿಂದ ಮರಳುವ ದಿನದ್ದು. ಹಜ್ಜಿನ ಜನಸಾಗರ ಮುಝ್ದಲಿಫಾದತ್ತ ನುಗ್ಗುತ್ತಿದ್ದಾಗ ಹಿಂದಿನಿಂದ ಒಂಟೆಗಳನ್ನು ಹೊಡೆದೋಡಿಸುವ ಸದ್ದು ಕೇಳಿ ಪ್ರವಾದಿ(ಸ)ರು ಜನರನ್ನು ಶಾಂತರಾಗಿರುವಂತೆ ತಡೆದರು. ಧಾವಂತದಲ್ಲಿ ಪುಣ್ಯವಿಲ್ಲ ಎಂಬ ಅರ್ಥದಲ್ಲಿ ತಿಳಿಹೇಳಿದರು. ಅದೇ ಪ್ರಯಾಣದಲ್ಲಿ ತೆರವಾದ ಜಾಗ ಸಿಕ್ಕಾಗ ಅವರ ಒಂಟೆಯೂ ವೇಗ ಹೆಚ್ಚಿಸಿತೆಂದು ಉಸಾಮಾ(ರ) ವರದಿ ಮಾಡಿದ್ದಾರೆ. ಜನಸಂದಣಿಯಲ್ಲಿ ಲಗಾಮು, ಬಯಲಿನಲ್ಲಿ ಓಟ. ಮಾರ್ಗದರ್ಶನ ಇಷ್ಟು ಸ್ಪಷ್ಟವಿರುವಾಗ ನಾವು ಮಾಡುತ್ತಿರುವುದು ಅದಕ್ಕೆ ತದ್ವಿರುದ್ಧ. ಬಯಲಿನಲ್ಲಿ ಓಡಿದವನನ್ನು ಬೈಯುತ್ತೇವೆ, ಸಂದಣಿಯಲ್ಲಿ ಓಡಿದವನನ್ನು 'ಹುಡುಗರಲ್ಲವಾ' ಎಂದು ಬಿಡುತ್ತೇವೆ.

ಆ ಮದೀನದ ಓಟಗಳಲ್ಲಿ ಮತ್ತೊಂದು ವಿಶೇಷವಿತ್ತು. ಪ್ರವಾದಿ(ಸ)ರ ಅದ್‌ಬಾ ಎಂಬ ಒಂಟೆಯನ್ನು ಯಾರೂ ಸೋಲಿಸಿರಲಿಲ್ಲ. ಒಂದು ದಿನ ಮರುಭೂಮಿಯ ಬದೂವಿಯೊಬ್ಬ ತನ್ನ ಎಳೆಯ ಒಂಟೆಯಲ್ಲಿ ಬಂದು ಅದನ್ನು ಹಿಂದಿಕ್ಕಿದ. ಸಹಾಬಿಗಳಿಗೆ ನೋವಾಯಿತು. ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಕೆಳಗಿಳಿಸಿಯೇ ತೀರುತ್ತಾನೆಂದು ಹೇಳಿ ಪ್ರವಾದಿ(ಸ)ರು ಅವರನ್ನು ಸಮಾಧಾನಪಡಿಸಿದರು. ಬದೂವಿಗೂ ಆ ಬಯಲಿನಲ್ಲಿ ಜಾಗವಿತ್ತು ಎಂಬುದು ನಮಗಿಲ್ಲಿ ಮುಖ್ಯ. ಇಂದಿನ ಟ್ರ್ಯಾಕುಗಳ ಬಗ್ಗೆ ನಮಗೆ ತಕರಾರಿದ್ದರೆ ಅದು ಇಲ್ಲಿ.

ದಿಲ್ಲಿಯ ಬಳಿ ಗ್ರೇಟರ್ ನೋಯ್ಡಾದಲ್ಲಿ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕಿಟ್ ಇದೆ. ಕರುಣೆಯನ್ನು ಬೋಧಿಸಿದ ಮಹಾತ್ಮನ ಹೆಸರು, ಐದು ಕಿಲೋಮೀಟರಿಗೂ ಮಿಕ್ಕಿದ ಉದ್ದ. 2011ರಲ್ಲಿ ಅಲ್ಲಿ ಮೊದಲ ಫಾರ್ಮುಲಾ ಒನ್ ನಡೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ, ಅದೇ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರದೇಶದ ಭಟ್ಟಾ ಪರಸೌಲ್‌ನಲ್ಲಿ ಭೂಮಿಗೆ ನ್ಯಾಯವಾದ ಬೆಲೆ ಕೇಳಿದ ರೈತರಿಗೂ ಪೊಲೀಸರಿಗೂ ಘರ್ಷಣೆಯಾಗಿ ಎರಡೂ ಕಡೆಯವರು ಜೀವ ಕಳೆದುಕೊಂಡಿದ್ದರು. ಮೂರು ವರ್ಷ ಓಟ ನಡೆಯಿತು. ಇದು ಕ್ರೀಡೆಯೋ ಮನರಂಜನೆಯೋ, ತೆರಿಗೆ ಕಟ್ಟಬೇಕೋ ಬೇಡವೋ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರ ನಂತರ ಫಾರ್ಮುಲಾ ಒನ್ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಆ ಟ್ರ್ಯಾಕ್ ಬಳಕೆಯಾದದ್ದು ಹೆಚ್ಚಾಗಿ ಕಾರು ಕಂಪೆನಿಗಳ ಪ್ರದರ್ಶನಕ್ಕೆ, ದುಬಾರಿ ಕಾರುಗಳ ಮಾಲಕರ ಟ್ರ್ಯಾಕ್ ಡೇಗಳಿಗೆ. ನೆಲ ಕೊಟ್ಟ ಹಳ್ಳಿಯ ಹುಡುಗ ಆ ಬೇಲಿಯ ಹೊರಗೆ ನಿಂತು ಸದ್ದು ಕೇಳುತ್ತಾನೆ. ಅವನು ಬೈಕ್ ಓಡಿಸುವುದು ಎಕ್ಸ್‌ಪ್ರೆಸ್‌ವೇಯಲ್ಲಿ, ಹೆಲ್ಮೆಟ್ ಇಲ್ಲದೆ.

ಹೀಗೆಯೇ ಇರಬೇಕೆಂದೇನೂ ಇಲ್ಲ. ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಟ್ರ್ಯಾಕನ್ನು ನೋಡಿ. ಐಫೆಲ್ ಎಂಬ ಬಡ ಗುಡ್ಡಗಾಡಿನ ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದೂ ಅದನ್ನು 1925ರಲ್ಲಿ ಕಟ್ಟತೊಡಗಿದರು. 1927ರಲ್ಲಿ ತೆರೆದಾಗಿನಿಂದಲೂ ರೇಸ್ ಇಲ್ಲದ ದಿನಗಳಲ್ಲಿ ಅದು ಸಾರ್ವಜನಿಕರು ಸುಂಕ ಕೊಟ್ಟು ಹೋಗಬಹುದಾದ ಏಕಮುಖ ರಸ್ತೆ. ಇಂದಿಗೂ ಸುಮಾರು 21 ಕಿಲೋಮೀಟರಿನ ಆ ಸುತ್ತಿಗೆ ತಮ್ಮ ಮಾಮೂಲಿ ಕಾರುಗಳಲ್ಲಿ ಜನ ಹೋಗುತ್ತಾರೆ. ಅಲ್ಲಿ ಸಮಯ ಅಳೆದು ಪೈಪೋಟಿ ಮಾಡಲು ಬಿಡುವುದಿಲ್ಲ. ಬೇಲಿಗೆ ಗುದ್ದಿದರೆ ಅದರ ಖರ್ಚನ್ನೂ ಗುದ್ದಿದವನೇ ಕೊಡಬೇಕು. ಅಲ್ಲಿಯೂ ಸಾವುಗಳಾಗಿವೆ, ಅದನ್ನು ಮುಚ್ಚಿಡುವುದು ಬೇಡ. ಅಬೂಧಾಬಿಯ ಯಾಸ್ ಮರೀನಾದಲ್ಲಿ ವಾರದ ಕೆಲವು ಸಂಜೆ ಫಾರ್ಮುಲಾ ಒನ್ ಟ್ರ್ಯಾಕನ್ನೇ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಉಚಿತವಾಗಿ ಬಿಟ್ಟುಕೊಡುತ್ತಾರೆ. ನಮ್ಮ ನೆರೆಯಲ್ಲೇ, ಮದರಾಸಿನ ಬಳಿಯ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ಹಳೆಯ ವಿಮಾನದ ಓಡುಹಾದಿಯಲ್ಲಿ ದಶಕಗಳ ಕಾಲ ರೇಸ್ ನಡೆಯಿತು. ಗ್ಯಾರೇಜುಗಳಲ್ಲಿ ಬಿಚ್ಚಿ ಜೋಡಿಸಿದ ಕಾರು, ಬೈಕುಗಳು ಅಲ್ಲಿ ಓಡಿದವು. ಈಗ ಬೆಂಗಳೂರಿನ ಹುಡುಗ ಟ್ರ್ಯಾಕ್ ಡೇಗೆಂದು ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟೈಗೆ ಹೋಗಬೇಕಾದರೆ ಸುಮಾರು 300 ಕಿಲೋಮೀಟರ್ ಹೆದ್ದಾರಿ ದಾಟಬೇಕು. ಸುರಕ್ಷಿತವಾಗಿ ಓಡಿಸಲು ಹೋಗುವ ದಾರಿಯೇ ಅಪಾಯದ್ದು.

ಈಗ ನಮ್ಮ ಮನೆಯೊಳಗಿನ ಮಾತಿಗೆ ಬರೋಣ. ಇದನ್ನು ಬರೆಯುವಾಗ ನಮಗೆ ಸಂಕೋಚವಾಗುತ್ತದೆ, ಆದರೆ ಬೇರೆಯವರು ಹೇಳುವುದಕ್ಕಿಂತ ನಾವೇ ಹೇಳುವುದು ಒಳ್ಳೆಯದು. ಕಳೆದ ಕೆಲವು ವರ್ಷಗಳಲ್ಲಿ ಶಬ್-ಎ-ಬರಾತ್ ರಾತ್ರಿ ಬೆಂಗಳೂರಿನ ಪೊಲೀಸರು ಮೇಲ್ಸೇತುವೆಗಳನ್ನು ಮುಚ್ಚಿದ್ದಾರೆ. ಕಾರಣ, ವ್ಹೀಲಿಂಗ್. ಆ ರಾತ್ರಿಯ ಆಚರಣೆಯ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯವಿದೆ, ಅದು ಬೇರೆ ಚರ್ಚೆ. ಆದರೆ ಕಬರಸ್ತಾನಕ್ಕೆ ಹೋಗಿ ತೀರಿಕೊಂಡವರಿಗಾಗಿ ಪ್ರಾರ್ಥಿಸುವ ರಾತ್ರಿ ಎಂದು ನಂಬಿರುವ ಮನೆಗಳಿಂದಲೇ ಹೊರಟ ಹುಡುಗರು ಬೈಕಿನ ಮುಂದಿನ ಚಕ್ರ ಎತ್ತಿ ಮೂವರು ಮೂವರಾಗಿ ಹೋಗುವುದನ್ನು ಯಾವ ಮಝ್‌ಹಬ್ ಒಪ್ಪುತ್ತದೆ? ಡಿಸೆಂಬರ್ 31ರ ರಾತ್ರಿಯೂ ಇದೇ ಮೇಲ್ಸೇತುವೆಗಳನ್ನು ಮುಚ್ಚುತ್ತಾರೆ ಎಂಬುದನ್ನು ಮರೆತು, ಇದನ್ನೊಂದು ಸಮುದಾಯದ ರೋಗವೆಂಬಂತೆ ಕೂಗಾಡುವ ಟಿವಿ ಚಾನೆಲ್‌ಗಳಿಗೆ ನಾವು ಉತ್ತರ ಕೊಡುತ್ತಲೇ ಇದ್ದೇವೆ. ಅವರಿಗೆ ಉತ್ತರ ಕೊಟ್ಟ ಮಾತ್ರಕ್ಕೆ ಆ ರಾತ್ರಿ ಬಿದ್ದು ತಲೆಯೊಡೆದುಕೊಂಡ ಹುಡುಗನ ತಾಯಿಗೆ ಉತ್ತರ ಕೊಟ್ಟಂತಾಗುವುದಿಲ್ಲ.

ಯಾರು ಈ ಹುಡುಗರು? ನಾವು ಕಂಡ ಮಟ್ಟಿಗೆ ಹೆಚ್ಚಿನವರು ಗ್ಯಾರೇಜಿನವರು, ಟೈಯರ್ ಅಂಗಡಿಯವರು, ವೆಲ್ಡಿಂಗ್ ಕೆಲಸದವರು. ಎಂಟನೆಯದಕ್ಕೋ ಹತ್ತನೆಯದಕ್ಕೋ ಶಾಲೆ ಬಿಟ್ಟವರು. ಇಂಜಿನ್ನಿನ ಸದ್ದು ಕೇಳಿಯೇ ಯಾವ ವಾಲ್ವ್ ಸಡಿಲವಾಗಿದೆ ಎಂದು ಹೇಳಬಲ್ಲವರು. ಬೇರೆಯವರ ದುಬಾರಿ ಬೈಕುಗಳನ್ನು ದಿನವಿಡೀ ರಿಪೇರಿ ಮಾಡಿ, ಸಂಜೆ 'ಟ್ರಯಲ್' ನೋಡುವ ನೆಪದಲ್ಲಿ ಒಂದು ಸುತ್ತು ಓಡಿಸಿದಾಗ ಮಾತ್ರ ಅದರ ಒಡೆಯರಾಗುವವರು. ರೇಸ್ ಟ್ರ್ಯಾಕಿಗೆ ಬೇಕಾದ ಕಿವಿ, ಕೈ, ಕಣ್ಣು ಎಲ್ಲವೂ ಇವರಲ್ಲಿದೆ. ಇವರಿಗೆ ಕಾನೂನು ಕೊಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್: ಸಾರ್ವಜನಿಕ ರಸ್ತೆಯಲ್ಲಿ ಪೈಪೋಟಿ ನಡೆಸಿದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಕಾನೂನು ಸರಿಯಾಗಿಯೇ ಇದೆ, ಅದನ್ನು ಸಡಿಲಿಸಬೇಕೆಂದು ನಾವು ಕೇಳುತ್ತಿಲ್ಲ. 2019ರ ತಿದ್ದುಪಡಿಯಂತೆ ಅಪ್ರಾಪ್ತನಿಗೆ ವಾಹನ ಕೊಟ್ಟ ಹೆತ್ತವರಿಗೆ ಅಥವಾ ಮಾಲಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡವಿದೆ. ಅದನ್ನೂ ದಿಬ್ಬಣದ ದಿನ ಜಾರಿಗೆ ತರಲಿ, ನಮಗೆ ಸಂತೋಷವೇ. ಆದರೆ ರಸ್ತೆಯಲ್ಲಿ ಬೇಡ ಎಂದ ಮೇಲೆ ಎಲ್ಲಿ ಎಂದೂ ಹೇಳಬೇಕಲ್ಲವೇ? ಕ್ರಿಕೆಟಿಗೆ ಮೈದಾನ ಕೊಟ್ಟಿದ್ದೀರಿ, ಈಜಲು ಕೊಳ ಕಟ್ಟಿಸಿದ್ದೀರಿ. ಬಳಕೆಯಿಲ್ಲದೆ ಹುಲ್ಲು ಬೆಳೆದ ಓಡುಹಾದಿಯನ್ನೋ, ಅರ್ಧಕ್ಕೆ ನಿಂತ ಕೈಗಾರಿಕಾ ಬಡಾವಣೆಯ ರಸ್ತೆಯನ್ನೋ ತಿಂಗಳಿಗೆರಡು ಭಾನುವಾರ ಬೇಲಿ ಹಾಕಿ, ಒಂದು ಆಂಬುಲೆನ್ಸ್ ನಿಲ್ಲಿಸಿ, ನಾಲ್ಕು ಬಾವುಟ ಕೊಟ್ಟು ಈ ಹುಡುಗರಿಗೆ ಬಿಟ್ಟುಕೊಡಲು ಯಾವ ದೊಡ್ಡ ಬಜೆಟ್ ಬೇಕು?

ಜಮಾಅತಿನವರೂ ಕೈಕಟ್ಟಿ ಕೂರಬೇಕಾಗಿಲ್ಲ. ಉರೂಸಿಗೆ, ಸಮ್ಮೇಳನಕ್ಕೆ, ಸ್ವಾಗತ ಕಮಾನಿಗೆ ಲಕ್ಷಗಟ್ಟಲೆ ಎತ್ತುವ ಕೈಗಳು ಹತ್ತು ಒಳ್ಳೆಯ ಹೆಲ್ಮೆಟ್ ಮತ್ತು ಜಾಕೆಟ್‌ಗಳನ್ನು ಕೊಂಡು, ಒಬ್ಬ ಅನುಭವಿ ತರಬೇತುದಾರನಿಗೆ ಸಂಬಳ ಕೊಟ್ಟರೆ ಅದು ಇಸ್ರಾಫ್ ಆಗುತ್ತದೆಯೇ? ಇದನ್ನೊಂದು ಸಭೆಯಲ್ಲಿ ನಾವು ಪ್ರಸ್ತಾಪಿಸಿದಾಗ ಮೊದಲು ನಗು ಬಂತು. ಬಳಿಕ ಒಬ್ಬರು, "ಮಕ್ಕಳಿಗೆ ರೇಸ್ ಕಲಿಸಲು ಮಸೀದಿಯ ಹಣವಾ?" ಎಂದರು. ಬ್ರೇಕ್ ಕಲಿಸಲು ಎಂದು ನಾವು ಹೇಳಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ನಮ್ಮ ಸ್ಕೂಟರ್ ರಿಪೇರಿ ಮಾಡುವ ಹುಡುಗನಿಗೆ ಹತ್ತೊಂಬತ್ತು ವರ್ಷ. ಎಡ ಮೊಣಕೈಯಲ್ಲಿ ಉದ್ದದ ಗಾಯದ ಗುರುತಿದೆ. ಎಲ್ಲಿಯದೆಂದು ಕೇಳಿದರೆ ನಗುತ್ತಾನೆ. ಕಳೆದ ವಾರ ಅವನಿಗೆ ಇರುಂಗಾಟ್ಟುಕೋಟೈಯ ಟ್ರ್ಯಾಕ್ ಬಗ್ಗೆ ಹೇಳಿದೆವು. ಕೆಲಸ ನಿಲ್ಲಿಸಿ ಕೇಳಿದ. ತಿರುವುಗಳೆಷ್ಟು, ನೆಲ ಎಂಥದ್ದು, ಮಳೆ ಬಂದರೂ ಬಿಡುತ್ತಾರಾ ಎಂದೆಲ್ಲ ವಿಚಾರಿಸಿದ. ಕೊನೆಗೆ, "ಅಲ್ಲಿ ನನ್ನ ಬೈಕಿಗೂ ಬಿಡ್ತಾರಾ ಸಾರ್?" ಎಂದ. ಬಿಡುತ್ತಾರೆ, ಆದರೆ ಚರ್ಮದ ಸೂಟ್ ಬೇಕು, ಬೂಟು ಬೇಕು, ಗ್ಲೌಸ್ ಬೇಕು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಬೇಕು, ಆ ದಿನದ ಫೀಸು ಬೇರೆ ಎಂದೆವು. ಅಲ್ಲೇ ಗೋಡೆಗೆ ಒರಗಿಸಿದ್ದ ರಟ್ಟಿನ ಮೇಲೆ ಇಂಕಿನ ಪೆನ್ನಿನಿಂದ ಒಂದರ ಕೆಳಗೊಂದು ಅಂಕಿ ಬರೆದು ಕೂಡಿಸಿದ. ಒಟ್ಟು ಎಷ್ಟಾಯಿತೆಂದು ನಮಗೆ ತೋರಿಸಲಿಲ್ಲ. ರಟ್ಟನ್ನು ಮಗುಚಿ, ಅದರ ಮೇಲೆ ಎಣ್ಣೆ ಸೋರುತ್ತಿದ್ದ ಇಂಜಿನ್ನನ್ನು ಇಟ್ಟು, ಸ್ಪಾನರ್ ಎತ್ತಿಕೊಂಡ.